ಸಗಣಿ ಬೇರೆ, ಗೊಬ್ಬರ ಬೇರೆ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯ, ಅಂಗಡಿ ಲೈಸೆನ್ಸು, ಸಂತೆ ಸುಂಕ ಇಂಥ ಮಾತುಗಳನ್ನು ಕೇಳಲು ಬರುವ ಸಭೆಯಲ್ಲಿ ಇಂದು ಸಗಣಿಯ ವಿಷಯ ಮಾತನಾಡುತ್ತೇವೆಂದು ಕರಪತ್ರ ಹಂಚಿದಾಗ ಹಲವರು ನಕ್ಕರು. ನಗಲಿ, ನಮಗೆ ಬೇಸರವಿಲ್ಲ. ಆದರೆ ಪಗಾರ ಕೈಗೆ ಬಂದ ದಿನ ಸಂತೆಗೆ ಹೋಗಿ ಬದನೆಕಾಯಿ, ಟೊಮ್ಯಾಟೊ, ಸೊಪ್ಪು ಕೊಳ್ಳುವಾಗ ಯಾರಿಗೂ ನಗು ಬರುವುದಿಲ್ಲ. ತಳ್ಳುಗಾಡಿಯಲ್ಲಿ ತರಕಾರಿ ಮಾರುವ ನಮ್ಮ ಮಿತ್ರರಿಗೂ ಬರುವುದಿಲ್ಲ. ದರ ಕಟ್ಟುವವರು ಬೇರೆ ಎಲ್ಲಿಯೋ ಇರುತ್ತಾರೆ, ಬೈಗುಳ ತಿನ್ನುವವರು ಇವರು. ಆದುದರಿಂದ ಮನೆಯ ಹಿತ್ತಿಲಿನಲ್ಲಿ, ಚಾಳಿನ ಪಕ್ಕದ ತುಂಡು ನೆಲದಲ್ಲಿ ನಾಲ್ಕು ತರಕಾರಿ ಗಿಡ ಬೆಳೆಯಬೇಕೆಂದು ಹೊರಟವರಿಗೆ ಗೊಬ್ಬರದ ವಿಚಾರ ತಿಳಿದಿರಬೇಕಾದುದು ಅವಶ್ಯ. ಅದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ದುಡ್ಡು ಕಳೆದುಕೊಂಡು ಕಲಿತೆವು. ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇವೆ.

ನಮ್ಮ ಚಾಳಿನ ಹಿಂದೆ ಸುಮಾರು ಐದು ಗುಂಟೆ ಪಾಳು ಜಾಗ ಇದೆ. ಜಾಗ ನಮ್ಮದಲ್ಲ, ಆದರೆ ಬಹಳ ವರ್ಷಗಳಿಂದ ಯಾರೂ ಕೇಳಿದವರೂ ಅಲ್ಲ. ಮುಳ್ಳುಕಂಟಿ, ಪಾರ್ಥೇನಿಯಂ ಕಳೆ, ಒಡೆದ ಗಾಜು ತುಂಬಿತ್ತು. ಹದಿನಾಲ್ಕು ಮನೆಯವರು ಸೇರಿ ತಲಾ ಇನ್ನೂರೈವತ್ತು ರೂಪಾಯಿ ಹಾಕಿ, ನಾಲ್ಕು ಭಾನುವಾರ ಬೆವರು ಸುರಿಸಿ ಅದನ್ನು ಚೊಕ್ಕಟ ಮಾಡಿದೆವು. ಮನೆಗೆ ಮೂರರಂತೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ನಲವತ್ತೆರಡು ಮಡಿಗಳಾದವು. ಆಗ ನಮ್ಮಲ್ಲೇ ಒಬ್ಬರು, ಪೇಟೆಯ ಆಚೆ ಒಂದು ಕೋಳಿ ಫಾರಂನಲ್ಲಿ ಹಿಕ್ಕೆ ಪುಕ್ಕಟೆ ಸಿಗುತ್ತದೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರೆ ಸಾಕು ಎಂದು ಸುದ್ದಿ ತಂದರು. ಪುಕ್ಕಟೆ ಎಂಬ ಮಾತಿಗೆ ಬಡವನ ಕಿವಿ ಬೇಗ ನೆಟ್ಟಗಾಗುತ್ತದೆ. ಒಂದು ಟ್ರೇಲರ್, ಸುಮಾರು ಎರಡು ಟನ್, ಹಸಿ ಹಸಿಯಾಗಿಯೇ ತಂದು ಮಡಿಗಳಿಗೆ ಸಮನಾಗಿ ಹಂಚಿದೆವು. ಹಂಚುವುದರಲ್ಲಿ ಒಂದು ಪುಟ್ಟಿಯೂ ಹೆಚ್ಚುಕಡಿಮೆ ಆಗಬಾರದೆಂದು ಜಗಳವಾಡಿದೆವು. ಮೂರನೆಯ ದಿನ ಬದನೆ, ಮೆಣಸು, ಟೊಮ್ಯಾಟೊ ಸಸಿಗಳನ್ನು ನೆಟ್ಟೆವು.

ಎಂಟನೆಯ ದಿನಕ್ಕೆ ಎಲೆಗಳ ಅಂಚು ಸುಟ್ಟ ಕಾಗದದಂತಾಯಿತು. ಹತ್ತನೆಯ ದಿನಕ್ಕೆ ಮೆಣಸಿನ ಸಸಿಗಳು ಕುತ್ತಿಗೆ ಬಾಗಿಸಿದವು. ಎರಡು ವಾರ ತುಂಬುವುದರೊಳಗೆ ನಲವತ್ತೆರಡು ಮಡಿಗಳಲ್ಲಿ ಹಸಿರು ಎಂಬುದು ಮೂಲೆಯಲ್ಲಿ ಅಷ್ಟಿಷ್ಟು ಉಳಿಯಿತು.

ಆಗ ನಾವು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಸಸಿ ಮಾರಿದವನೇ ಮೋಸ ಮಾಡಿದ್ದಾನೆಂದು ನಿಶ್ಚಯಿಸಿ ಎಂಟು ಹತ್ತು ಜನ ಅವನ ಅಂಗಡಿಯ ಮುಂದೆ ಹೋಗಿ ಕೂಗಾಡಿದೆವು. ಗಿರಾಕಿಗಳು ಬಂದ ದಾರಿಯಲ್ಲೇ ಹಿಂದಿರುಗಿದರು. ಆತ ಸಣ್ಣ ವ್ಯಾಪಾರಿ, ನಮ್ಮಂತೆಯೇ ದಿನದ ಗಳಿಕೆಯ ಮೇಲೆ ಬದುಕುವವನು. ಗಲಾಟೆ ಮುಗಿಯುವವರೆಗೂ ಸುಮ್ಮನಿದ್ದು, "ಅದೇ ತಟ್ಟೆಯ ಸಸಿ ಕೆರೆ ಹಿಂದಿನ ತೋಟಕ್ಕೂ ಹೋಗಿದೆ, ನೋಡಿ ಬನ್ನಿ, ಆಮೇಲೆ ಬೈಯಿರಿ" ಎಂದ. ಹೋಗಿ ನೋಡಿದೆವು. ಮೊಣಕಾಲೆತ್ತರ ಬೆಳೆದು ಹೂವಿಗೆ ಬಂದಿದ್ದವು.

ಚಾಳಿಗೆ ಹಾಲು ಕೊಡುವ ಅಜ್ಜಿಯೊಬ್ಬರಿದ್ದಾರೆ, ಮನೆಯಲ್ಲಿ ಎರಡು ಎಮ್ಮೆ. ಅವರು ಬಂದು ಮಡಿಯ ಮಣ್ಣನ್ನು ಹಿಡಿಯಷ್ಟು ಎತ್ತಿ ಮೂಗಿನ ಹತ್ತಿರ ಹಿಡಿದು, "ಇನ್ನಾ ಹಸೇದೈತಲ್ಲೋ ತಮ್ಮಾ, ಎಳೇ ಕೂಸಿಗೆ ಖಾರ ತಿನಿಸಿದಂಗೆ ಮಾಡೀರಿ" ಎಂದರು. ಕೃಷಿ ಪಂಡಿತರು ನಾಲ್ಕು ಪುಟದಲ್ಲಿ ಹೇಳುವುದನ್ನು ಅಜ್ಜಿ ಒಂದು ಮಾತಿನಲ್ಲಿ ಹೇಳಿದ್ದರು. ಮರುದಿನ ನಾವು ಸಸಿ ಅಂಗಡಿಗೆ ಹೋಗಿ ಹಿಂದಿನ ದಿನ ಕೂಗಾಡಿದಷ್ಟೇ ಜನ ನಿಂತು ತಪ್ಪೊಪ್ಪಿಕೊಂಡೆವು. ಆತ ಈ ಸಭೆಯಲ್ಲಿಯೂ ಕುಳಿತಿದ್ದಾನೆ.

ಆದದ್ದೇನು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಗಿಡಕ್ಕೆ ಮುಖ್ಯವಾಗಿ ಬೇಕಾದುದು ಸಾರಜನಕ, ರಂಜಕ, ಪೊಟ್ಯಾಷ್. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ನೂರು ಕಿಲೋಗೆ ಸಾರಜನಕ ಇರುವುದು ಅರ್ಧ ಕಿಲೋ ಮಾತ್ರ. ಕುರಿ, ಆಡಿನ ಗೊಬ್ಬರದಲ್ಲಿ ಮೂರು ಕಿಲೋವರೆಗೆ ಇರುತ್ತದೆ. ಕೋಳಿ ಗೊಬ್ಬರದಲ್ಲಿಯೂ ಸುಮಾರು ಮೂರು ಕಿಲೋ, ಜೊತೆಗೆ ರಂಜಕ ಉಳಿದ ಗೊಬ್ಬರಗಳಿಗಿಂತ ಬಹಳ ಹೆಚ್ಚು. ಅಂದರೆ ಕೋಳಿ ಗೊಬ್ಬರ ಸಗಣಿ ಗೊಬ್ಬರದ ಆರು ಪಟ್ಟು ಖಾರ. ತರಕಾರಿಗೆ ಕೊಟ್ಟಿಗೆ ಗೊಬ್ಬರ ಎಕರೆಗೆ 10 ಟನ್ ಎಂಬುದು ಸಾಮಾನ್ಯವಾಗಿ ಹೇಳುವ ಪ್ರಮಾಣ. ಹತ್ತು ಅಡಿ ಚೌಕದ ಒಂದು ಮಡಿಗೆ ಅದು 23 ಕಿಲೋ ಆಗುತ್ತದೆ, ದೊಡ್ಡ ಪುಟ್ಟಿಯಲ್ಲಿ ಒಂದೋ ಒಂದೂವರೆಯೋ. ನಾವು ಒಂದೊಂದು ಮಡಿಗೆ ಸುರಿದ ಕೋಳಿ ಹಿಕ್ಕೆ ಸುಮಾರು 48 ಕಿಲೋ. ಸಾರಜನಕದ ಲೆಕ್ಕದಲ್ಲಿ ಬೇಕಾದುದರ ಹನ್ನೆರಡು ಪಟ್ಟು! ಅದೂ ಹಸಿ. ಹಸಿ ಹಿಕ್ಕೆಯಿಂದ ಅಮೋನಿಯಾ ಎಂಬ ಗಾಳಿ ಏಳುತ್ತದೆ. ಕೋಳಿ ಫಾರಂ ಹತ್ತಿರ ಹೋದರೆ ಕಣ್ಣು ಉರಿಯುವುದು ಅದರಿಂದಲೇ. ಆ ಅಮೋನಿಯಾ, ಹಿಕ್ಕೆಯಲ್ಲಿರುವ ಲವಣ ಎರಡೂ ಕೂಡಿ ಎಳೆಯ ಬೇರನ್ನು ಸುಡುತ್ತವೆ. ಬೇರು ನೀರು ಕುಡಿಯಲಾರದೆ ಗಿಡ ನೀರಿನ ನಡುವೆಯೇ ಒಣಗುತ್ತದೆ.

ಹಸಿ ಸಗಣಿ ಕೋಳಿ ಹಿಕ್ಕೆಯಷ್ಟು ಉಗ್ರವಲ್ಲ. ಆದರೆ ಅದಕ್ಕೂ ಅದರದೇ ದೋಷಗಳುಂಟು. ಕೊಟ್ಟಿಗೆಯ ಹುಲ್ಲು, ಕಡ್ಡಿ ಕೊಳೆಯದೆ ನೆಲಕ್ಕೆ ಬಿದ್ದರೆ, ಅದನ್ನು ಕೊಳೆಸುವ ಸೂಕ್ಷ್ಮ ಜೀವಿಗಳು ತಮ್ಮ ಹೊಟ್ಟೆಗೆ ಬೇಕಾದ ಸಾರಜನಕವನ್ನು ನೆಲದಿಂದಲೇ ಎಳೆದುಕೊಳ್ಳುತ್ತವೆ. ಗೊಬ್ಬರ ಹಾಕಿದ ಗಿಡವೇ ಹಳದಿಯಾಗಿ ನಿಲ್ಲುವ ವಿಚಿತ್ರ ಹೀಗೆ ಆಗುತ್ತದೆ. ಗೆದ್ದಲು, ಗೊಣ್ಣೆಹುಳು ಬರುತ್ತವೆ. ದನ ತಿಂದ ಕಳೆಯ ಬೀಜ ಅದರ ಹೊಟ್ಟೆಯಲ್ಲಿ ಸಾಯದೆ ನಮ್ಮ ಮಡಿಯಲ್ಲಿ ಮೊಳೆಯುತ್ತದೆ. ಮೂಲಂಗಿ, ಗಜ್ಜರಿ ಹಸಿ ಗೊಬ್ಬರದಲ್ಲಿ ಎರಡು ಕಾಲು ಮೂರು ಕಾಲು ಬಿಟ್ಟು ಕವಲೊಡೆಯುತ್ತವೆ. ಆದ್ದರಿಂದಲೇ ನಾವು ಹೇಳುವುದು: ಸಗಣಿ ಬೇರೆ, ಗೊಬ್ಬರ ಬೇರೆ. ನಡುವೆ ನಾಲ್ಕೈದು ತಿಂಗಳ ಕಾಲವೂ ಮನುಷ್ಯನ ದುಡಿಮೆಯೂ ಇವೆ. ಹತ್ತಿಗೂ ಬಟ್ಟೆಗೂ ಇರುವ ಅಂತರ ಗಿರಣಿಯವರಿಗೆ ನಾವು ಹೇಳಬೇಕಾಗಿಲ್ಲ.

ಆ ದುಡಿಮೆ ಹೇಗಿರಬೇಕು? ನಮ್ಮ ಹಳ್ಳಿಗಳಲ್ಲಿ ಸಗಣಿಯನ್ನು ತಿಪ್ಪೆಗೆ ಎಸೆಯುವುದು ವಾಡಿಕೆ. ತಿಪ್ಪೆ ಬಿಸಿಲಿಗೆ ಒಣಗುತ್ತದೆ, ಮಳೆಗೆ ತೊಳೆದುಹೋಗುತ್ತದೆ, ಕೋಳಿ ಕೆದಕುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಸಗಣಿಯಲ್ಲಿ ಇಲ್ಲವೇ ಇಲ್ಲ, ಗಂಜಲದಲ್ಲಿದೆ. ಪೊಟ್ಯಾಷಿನ ಹೆಚ್ಚಿನ ಪಾಲೂ ಅಲ್ಲಿಯೇ. ಕೊಟ್ಟಿಗೆಯ ನೆಲ ಆ ಗಂಜಲವನ್ನು ಕುಡಿದುಬಿಡುತ್ತದೆ, ಇಲ್ಲವೆ ಅದು ಚರಂಡಿಗೆ ಹರಿಯುತ್ತದೆ. ಸಗಣಿಯನ್ನು ಪೂಜಿಸುವ ನಾವು ಗೊಬ್ಬರದ ಅರ್ಧವನ್ನು ದಿನಾ ಬೆಳಗ್ಗೆ ಬಕೆಟ್ ನೀರು ಹಾಕಿ ತೊಳೆದು ಕಳಿಸುತ್ತೇವೆ!

ಇದಕ್ಕೆ ಉಪಾಯ ಕಂಡುಕೊಟ್ಟವರಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿಯೊಬ್ಬರು. ಬೆಂಗಳೂರು ವಿಧಾನವೆಂದು ಹೆಸರಾದ ಕಾಂಪೋಸ್ಟ್ ಪದ್ಧತಿ 1939ರ ಸುಮಾರಿಗೆ ಅವರ ಕೆಲಸದಿಂದ ಬಂದದ್ದು. ಕೊಟ್ಟಿಗೆ ಗೊಬ್ಬರಕ್ಕೆ ಅವರು ಹೇಳಿದ ಕ್ರಮ ಸರಳ. ಕೊಟ್ಟಿಗೆಯಲ್ಲಿ ರಾತ್ರಿ ಒಣ ತರಗು, ಕಸಕಡ್ಡಿಗೆ ಸ್ವಲ್ಪ ಮಣ್ಣು ಬೆರೆಸಿ ಹಾಸಬೇಕು. ಅದು ಗಂಜಲವನ್ನು ಹೀರಿಕೊಳ್ಳುತ್ತದೆ. ಬೆಳಗ್ಗೆ ಸಗಣಿಯ ಸಮೇತ ಅದನ್ನು ಎತ್ತಿ, ಮೂರು ಅಡಿ ಆಳ, ಐದಾರು ಅಡಿ ಅಗಲ, ಇಪ್ಪತ್ತು ಇಪ್ಪತ್ತೈದು ಅಡಿ ಉದ್ದದ ಗುಂಡಿಯ ಒಂದು ತುದಿಯಿಂದ ತುಂಬುತ್ತಾ ಬರಬೇಕು. ಆ ಭಾಗ ನೆಲದಿಂದ ಒಂದೂವರೆ ಎರಡು ಅಡಿ ಮೇಲೆದ್ದ ಮೇಲೆ ಗೋಪುರದಂತೆ ಮಾಡಿ ಸಗಣಿ ಮಣ್ಣಿನ ಕೆಸರು ಮೆತ್ತಿ ಮುಚ್ಚಬೇಕು. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧ. ಚಾಳಿನಲ್ಲಿರುವ ನಮಗೆ ಅಷ್ಟು ದೊಡ್ಡ ಗುಂಡಿಗೆ ಜಾಗವೆಲ್ಲಿ? ನಾವು ಮೂರಡಿ ಆಳ, ಮೂರಡಿ ಅಗಲದ ಎರಡು ಗುಂಡಿ ತೋಡಿದೆವು. ಒಂದು ತುಂಬಿ ಮುಚ್ಚಿದ ಮೇಲೆ ಇನ್ನೊಂದು ತುಂಬುವುದು. ಬಾವಿಯಿಂದ, ಕೊಳವೆ ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಇರಬೇಕು ಎಂಬುದನ್ನು ಮರೆಯಬಾರದು. ಗೊಬ್ಬರದ ರಸ ಕುಡಿಯುವ ನೀರಿಗೆ ಇಳಿದರೆ ತರಕಾರಿಯ ಲಾಭ ಆಸ್ಪತ್ರೆಗೆ ಹೋಗುತ್ತದೆ.

ಬೇಗ ಬೇಕೆನ್ನುವವರು ಗುಂಡಿಯ ಬದಲು ನೆಲದ ಮೇಲೆ ರಾಶಿ ಹಾಕಬಹುದು. ಒಂದು ಪದರ ಒಣ ಎಲೆ, ಹುಲ್ಲು. ಅದರ ಮೇಲೆ ಒಂದು ಪದರ ಸಗಣಿ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು, ಹೆಚ್ಚಾದರೆ ನಾರುತ್ತದೆ. ರಾಶಿ ಮನುಷ್ಯನ ಎದೆಯ ಮಟ್ಟಕ್ಕೆ ಇದ್ದರೆ ಮೂರು ನಾಲ್ಕು ದಿನದಲ್ಲಿ ಒಳಗೆ ಕಾವು ಹುಟ್ಟುತ್ತದೆ. ಕಬ್ಬಿಣದ ಸರಳನ್ನು ಒಳಗೆ ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. 55 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಿನ ಈ ಕಾವು ಕೆಲವು ದಿನ ನಿಂತರೆ ಕಳೆಯ ಬೀಜ, ರೋಗಾಣುಗಳಲ್ಲಿ ಬಹುಪಾಲು ಸಾಯುತ್ತವೆ. ಕಾವು ಇಳಿದಾಗ ಹೊರಗಿನದು ಒಳಗೆ ಬರುವಂತೆ ಮಗುಚಬೇಕು. ಇದು ಇಂದೋರ್ ವಿಧಾನದ ದಾರಿ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಇಂದೋರಿನಲ್ಲಿ ಯಶವಂತ ವಾಡ್ ಅವರ ಜೊತೆ ನಡೆಸಿದ ಪ್ರಯೋಗಗಳಿಂದ ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದು. ನಮ್ಮ ರೈತ ತಿಪ್ಪೆ ಮಗುಚಿದರೆ ಅದು ಅಜ್ಞಾನ, ದೊರೆ ಮಗುಚಿದರೆ ವಿಧಾನ ಎಂದು ಯಾರೋ ಹಿಂದಿನಿಂದ ಹೇಳುತ್ತಿದ್ದಾರೆ. ಇರಬಹುದು, ಹೊವಾರ್ಡ್ ಮಾತ್ರ ತಾನು ಇಲ್ಲಿಯ ರೈತರಿಂದ ಕಲಿತವನೆಂದು ಒಪ್ಪಿಕೊಂಡಿದ್ದ.

ಬೆಂಗಳೂರು ವಿಧಾನದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಅದರ ಮೂಲ ಉದ್ದೇಶ ಪಟ್ಟಣದ ಕಸವನ್ನೂ ಮನುಷ್ಯರ ಮಲವನ್ನೂ ಪದರ ಪದರವಾಗಿ ಗುಂಡಿಯಲ್ಲಿ ಹಾಕಿ ಗೊಬ್ಬರ ಮಾಡುವುದು. ವಿಜ್ಞಾನ ಚೆನ್ನಾಗಿಯೇ ಇತ್ತು. ಆದರೆ ಆ ಮಲವನ್ನು ಗುಂಡಿಯವರೆಗೆ ತಲೆಯ ಮೇಲೆ ಹೊತ್ತು ತರುತ್ತಿದ್ದವರು ಯಾರು, ಯಾವ ಕೇರಿಯವರು ಎಂಬುದನ್ನು ತಾವು ಬಲ್ಲಿರಿ. ಆ ಕೆಲಸವನ್ನು ನಿಷೇಧಿಸಲು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯಿದೆ ಬರಬೇಕಾಯಿತು. ದನದ ಸಗಣಿಯ ವಿಷಯದಲ್ಲಿಯೂ ಅನೇಕ ಮನೆಗಳಲ್ಲಿ ಬಾಚುವ ಕೈ ಹೆಂಗಸಿನದು, ಮಾರಿ ಹಣ ಎಣಿಸುವ ಕೈ ಗಂಡಸಿನದು. ನಮ್ಮ ಹದಿನಾಲ್ಕು ಮನೆಯಲ್ಲಿ ಗುಂಡಿಯ ಕೆಲಸಕ್ಕೆ ಸರದಿ ಹಾಕಿದಾಗ ಮೊದಲ ವಾರ ಗಂಡಸರ ಸರದಿಗೆ ಬಂದವರು ಇಬ್ಬರು. ಸೋದರಿಯರು ಎರಡನೆಯ ವಾರ ತರಕಾರಿ ಹಂಚಿಕೆಯನ್ನೇ ನಿಲ್ಲಿಸಿದರು. ಮೂರನೆಯ ವಾರ ಎಲ್ಲರೂ ಬಂದರು.

ಈಗ ಚೀಲದ ಗೊಬ್ಬರದ ಮಾತು. ಸಗಣಿ ಗೊಬ್ಬರವೊಂದೇ ಸಾಕು, ಯೂರಿಯಾ ವಿಷ ಎಂದು ಕೆಲವರು ಭಾಷಣ ಮಾಡುತ್ತಾರೆ. ನಾವು ಹಾಗೆ ಹೇಳಲಾರೆವು. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕ ಇದೆ. ಅಷ್ಟೇ ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಬರಬೇಕಾದರೆ ನಾಲ್ಕು ಟನ್ ಬೇಕು, ಅದರಲ್ಲಿಯೂ ಮೊದಲ ಬೆಳೆಗೆ ಸಿಗುವುದು ಒಂದು ಭಾಗ ಮಾತ್ರ. ದೇಶಕ್ಕೆಲ್ಲಾ ಅನ್ನ ಬೆಳೆಯುವ ರೈತನಿಗೆ ಇದನ್ನು ಮರೆಮಾಚಿ ಉಪದೇಶ ಮಾಡುವುದು ಪ್ರಾಮಾಣಿಕತೆಯಲ್ಲ. ಹಾಗೆಂದು ಚೀಲವನ್ನೇ ನಂಬಿ ಕುಳಿತರೆ ಆಗುವುದೇನೆಂಬುದನ್ನು 2025ರ ಮುಂಗಾರಿನಲ್ಲಿ ನೋಡಿದೆವು. ನಮ್ಮ ರಾಜ್ಯದ ಅನೇಕ ಕಡೆ ರೈತರು ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಸಾಲು ನಿಂತರು. ಚೀಲಕ್ಕೆ ಗ್ಯಾಸ್ ಬೇಕು, ಹಡಗು ಬೇಕು, ಸರ್ಕಾರದ ಸಹಾಯಧನ ಬೇಕು. ಪೊಟ್ಯಾಷಂತೂ ಪೂರ್ತಿ ಹೊರದೇಶದಿಂದಲೇ ಬರಬೇಕು.

ಸಗಣಿ ಗೊಬ್ಬರ ಮಾಡುವ ಕೆಲಸ ಬೇರೆ ತರಹದ್ದು. ಅದು ಮಣ್ಣನ್ನು ಸಡಿಲ ಮಾಡುತ್ತದೆ, ನೀರನ್ನು ಹಿಡಿದಿಡುತ್ತದೆ, ಎರೆಹುಳುವಿಗೆ ಊಟ ಹಾಕುತ್ತದೆ, ಗಿಡಕ್ಕೆ ಸ್ವಲ್ಪ ಸ್ವಲ್ಪವೇ ಬೇಕಾಗುವ ಸತು, ಕಬ್ಬಿಣ, ಬೋರಾನ್ ಮುಂತಾದವನ್ನೂ ಕೊಡುತ್ತದೆ. ನಮ್ಮ ಮಡಿಗಳಿಗೆ ಮೊದಲು ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಹಾಕಬೇಕಾಗಿತ್ತು, ಮೂರನೆಯ ವರ್ಷಕ್ಕೆ ಒಂದೇ ಸಲ ಸಾಕಾಯಿತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹಿತ್ತಿಲಿನ ತರಕಾರಿಗಂತೂ ಕಳಿತ ಗೊಬ್ಬರವೊಂದೇ ಧಾರಾಳವಾಗಿ ಸಾಕು. ನಮ್ಮ ನಲವತ್ತೆರಡು ಮಡಿಗೂ ಒಂದು ಸಲಕ್ಕೆ ಬೇಕಾದುದು ಒಂದೇ ಟನ್. ಬದನೆ, ಮೆಣಸು, ಕುಂಬಳ, ಹೀರೆ, ಹಾಗಲಕ್ಕೆ ಧಾರಾಳವಾಗಿ ಹಾಕಬಹುದು. ಅವರೆ, ಅಲಸಂದೆ, ಹುರುಳಿಕಾಯಿಗೆ ಅಷ್ಟು ಬೇಡ. ತಮ್ಮ ಸಾರಜನಕವನ್ನು ಗಾಳಿಯಿಂದ ತಾವೇ ಸಂಪಾದಿಸುತ್ತವೆ, ಹೆಚ್ಚು ಹಾಕಿದರೆ ಬಳ್ಳಿ ಸೊಕ್ಕಿ ಕಾಯಿ ಕಡಿಮೆ ಬಿಡುತ್ತದೆ.

ಸಗಣಿಯನ್ನು ಬೆರಣಿ ತಟ್ಟಿ ಸುಡುತ್ತಾರಲ್ಲ, ಅದನ್ನು ನಿಲ್ಲಿಸಿದರೆ ಗೊಬ್ಬರಕ್ಕೆ ಕೊರತೆಯೇ ಇಲ್ಲ ಎಂದು ಒಬ್ಬ ಮಿತ್ರರು ಚೀಟಿ ಕಳಿಸಿದ್ದಾರೆ. ಈ ಮಾತು ಹಳೆಯದು. ಬ್ರಿಟಿಷ್ ಸರ್ಕಾರ 1889ರಲ್ಲಿ ವೋಲ್ಕರ್ ಎಂಬ ಕೃಷಿ ರಸಾಯನ ವಿಜ್ಞಾನಿಯನ್ನು ಇಲ್ಲಿಗೆ ಕರೆಸಿತು. 1893ರಲ್ಲಿ ಹೊರಬಂದ ವರದಿಯಲ್ಲಿ ಆತ ಹೇಳಿದ್ದೇನು? ರೈತ ಸಗಣಿ ಸುಡುವುದು ಗೊಬ್ಬರದ ಬೆಲೆ ತಿಳಿಯದೆ ಅಲ್ಲ, ಸುಡಲು ಬೇರೆ ಸೌದೆ ಇಲ್ಲದೆ. ಆದ್ದರಿಂದ ಹಳ್ಳಿಗಳಿಗೆ ಸೌದೆ, ಮೇವಿನ ಕಾಡು ಬೆಳೆಸಿಕೊಡಿ ಎಂದು. ಕಾಡನ್ನು ಮುಚ್ಚಿ ರೈತನಿಗೆ ಬುದ್ಧಿ ಹೇಳುವುದು ಸುಲಭವಾಗಿತ್ತು. ಈಗ ಗ್ಯಾಸ್ ಸಿಲಿಂಡರ್ ಬಂದಿದೆ. ಆದರೂ ಸಿಲಿಂಡರ್ ಮುಗಿದು ದುಡ್ಡು ಇಲ್ಲದ ವಾರ ಬೆರಣಿಯೇ ಗತಿಯಾಗುವ ಮನೆಗಳು ಈ ಸಭೆಯಲ್ಲೇ ಇವೆ. ಒಲೆಗೆ ಇಡುವುದನ್ನು ಗಿಡಕ್ಕೆ ಹಾಕು ಎಂದು ಆ ತಾಯಂದಿರಿಗೆ ಹೇಳುವ ಧೈರ್ಯ ನಮಗಿಲ್ಲ.

ಎರಡೂ ಸಿಗುವ ದಾರಿ ಇಲ್ಲದಿಲ್ಲ. ಗೋಬರ್ ಗ್ಯಾಸ್ ಗುಂಡಿಗೆ ಸಗಣಿ ಹಾಕಿದರೆ ಉರಿಯೂ ಬರುತ್ತದೆ, ಸಾರಜನಕವೂ ಬಗ್ಗಡದಲ್ಲಿ ಉಳಿಯುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಅಮೂಲ್ಯ ರೆಡ್ಡಿ ಮತ್ತವರ ಜೊತೆಗಾರರು ಊರಿಗೆಲ್ಲ ಒಂದೇ ಗ್ಯಾಸ್ ಗುಂಡಿ ಕಟ್ಟಿಸಿದರು. ಮೊದಲು ಅಡಿಗೆಗೆಂದು ಯೋಚಿಸಿದ್ದರು. ಊರಿನ ಸಗಣಿ ಎಲ್ಲರ ಒಲೆಗೆ ಸಾಲಲಿಲ್ಲ. ಆಗ 1987ರಿಂದ ಆ ಗ್ಯಾಸಿನಿಂದ ಎಂಜಿನ್ ನಡೆಸಿ ಮನೆಮನೆಗೆ ದೀಪ, ಬೀದಿಗೆ ನಲ್ಲಿ ನೀರು ಕೊಟ್ಟರು. ಸಗಣಿ ತಂದ ಮನೆಗೆ ಕಿಲೋಗೆ ಎರಡು ಪೈಸೆ ಕೂಲಿ, ಜೊತೆಗೆ ತಂದುದಕ್ಕೆ ತಕ್ಕಷ್ಟು ಬಗ್ಗಡ ವಾಪಸು. ಗೊಬ್ಬರ ಕೊಟ್ಟವನ ಗೊಬ್ಬರ ಅವನ ಹೊಲಕ್ಕೇ ಹಿಂದಿರುಗುತ್ತಿತ್ತು. ಈ ಲೆಕ್ಕವನ್ನು ಒಂದು ಸಲ ಕಿವಿಗೆ ಹಾಕಿಕೊಳ್ಳಿ. ನಮ್ಮ ಚಾಳಿನ ಹಂಚಿಕೆಯನ್ನು ನಾವು ಇದರಿಂದಲೇ ಕಲಿತೆವು: ಯಾರು ಎಷ್ಟು ಪುಟ್ಟಿ ಗುಂಡಿಗೆ ತಂದರೋ ಅದನ್ನು ಗೋಡೆಯ ಮೇಲೆ ಇದ್ದಲಿನಲ್ಲಿ ಗೆರೆ ಎಳೆದು ಬರೆಯುತ್ತೇವೆ. ಎಮ್ಮೆಯ ಅಜ್ಜಿಗೆ ಮಡಿ ಇಲ್ಲ, ಆದರೆ ಗೆರೆ ಎಲ್ಲರಿಗಿಂತ ಹೆಚ್ಚು. ಅವರ ಪಾಲು ತರಕಾರಿಯಲ್ಲಿ ಹೋಗುತ್ತದೆ.

ಮನೆಯಲ್ಲಿ ದನವಿಲ್ಲದವರು ಕೊಳ್ಳಬೇಕಾಗುತ್ತದೆ. ಟ್ರೇಲರ್ ಲೆಕ್ಕದಲ್ಲಿ ಕೊಳ್ಳುವಾಗ ಗೊಬ್ಬರದ ಹೆಸರಿನಲ್ಲಿ ಕೆರೆಯ ಮಣ್ಣು ಬರುವುದುಂಟು. ಒಂದು ಹಿಡಿ ತೆಗೆದು ಗಾಜಿನ ಲೋಟದ ನೀರಿನಲ್ಲಿ ಕಲಕಿ ಬಿಡಿ. ಮರಳು, ಮಣ್ಣು ಕೂಡಲೆ ಅಡಿಗೆ ಕೂರುತ್ತದೆ, ಎಷ್ಟು ದಪ್ಪ ಎಂಬುದು ಕಣ್ಣಿಗೇ ಕಾಣುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸ್ವಲ್ಪ ಮಣ್ಣು ಇದ್ದೇ ಇರುತ್ತದೆ, ಅದಕ್ಕೆ ಜಗಳ ಬೇಡ. ಅರ್ಧ ಲೋಟ ಮಣ್ಣಾದರೆ ಟ್ರೇಲರ್ ಹಿಂದಕ್ಕೆ ಕಳಿಸಿ. ಕಳಿತಿದೆಯೋ ಇಲ್ಲವೋ ನೋಡಲು ಇನ್ನೊಂದು ಸುಲಭದ ಪರೀಕ್ಷೆ: ತೆಂಗಿನ ಚಿಪ್ಪಿನಲ್ಲಿ ಗೊಬ್ಬರ ತುಂಬಿ ಹತ್ತು ಮೆಂತ್ಯದ ಕಾಳು ಹಾಕಿ ನೀರು ಚಿಮುಕಿಸಿ. ಐದು ದಿನದಲ್ಲಿ ಎಂಟೊಂಬತ್ತು ಮೊಳೆತು ಹಸಿರಾಗಿ ನಿಂತರೆ ನಿಶ್ಚಿಂತೆಯಾಗಿ ಹಾಕಬಹುದು. ಮೊಳಕೆ ಸುಟ್ಟಂತಾದರೆ ಇನ್ನೂ ಎರಡು ತಿಂಗಳು ಕಾಯಬೇಕು. ಈ ಹತ್ತು ಕಾಳು ಮೆಂತ್ಯ ಮೊದಲೇ ಗೊತ್ತಿದ್ದರೆ ನಮ್ಮ ಮೂರೂವರೆ ಸಾವಿರ ರೂಪಾಯಿ ಉಳಿಯುತ್ತಿತ್ತು.

ಆರೋಗ್ಯದ ವಿಷಯ ಚಿಕ್ಕದಾಗಿ ಹೇಳಿದರೂ ಚಿಕ್ಕ ವಿಷಯವೆಂದು ತಿಳಿಯಬೇಡಿ. ಹಸಿ ಸಗಣಿಯಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳು ಇರಬಹುದು. ಅಮೆರಿಕದ ಸಾವಯವ ಬೆಳೆಯ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರವನ್ನು ಕೊಯ್ಲಿಗೆ 120 ದಿನ ಮೊದಲೇ, ತಾಗದಿರುವ ಬೆಳೆಗೆ 90 ದಿನ ಮೊದಲೇ ಮಣ್ಣಿಗೆ ಸೇರಿಸಿರಬೇಕು. ಕೊತ್ತಂಬರಿ ಮೂವತ್ತು ನಲವತ್ತು ದಿನದ ಬೆಳೆ. ಅಂದಮೇಲೆ ಸೊಪ್ಪಿನ ಮಡಿಗೆ ಹಸಿ ಸಗಣಿ ಕದಡಿದ ನೀರು ಹೊಯ್ಯುವುದು, ಅದೇ ಸೊಪ್ಪನ್ನು ಹಸಿಯಾಗಿ ಕೋಸಂಬರಿಗೆ ಹೆಚ್ಚುವುದು ಎಂಥ ಅಪಾಯ ಯೋಚಿಸಿ. ನಾಯಿ, ಬೆಕ್ಕಿನ ಮಲ ಗುಂಡಿಗೆ ಬೇಡವೇ ಬೇಡ. ಕೈಕಾಲಿನಲ್ಲಿ ಗಾಯವಿದ್ದವರು ಬರಿಗೈಯಲ್ಲಿ ಗೊಬ್ಬರ ಮುಟ್ಟಬಾರದು. ಧನುರ್ವಾಯು ತರುವ ರೋಗಾಣು ಅಲ್ಲಿ ವಾಸಮಾಡುತ್ತದೆ. ಗಿರಣಿಯಲ್ಲಿ ಬೆರಳು ಗೀರಿಕೊಳ್ಳದವರು ನಮ್ಮಲ್ಲಿ ಕಡಿಮೆ, ಅದಕ್ಕೇ ಇದನ್ನು ಎರಡು ಸಲ ಹೇಳುತ್ತೇವೆ. ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ.

ಇನ್ನು ಕೊನೆಯದಾಗಿ, ನಮ್ಮ ಮನಸ್ಸಿನಲ್ಲಿ ಈಗ ಕೊರೆಯುತ್ತಿರುವ ವಿಷಯ.

ಚೀಲದ ಗೊಬ್ಬರ ಹಾಕಿದ ಬೆಳೆಗೇ ಬಹುಪಾಲು ಮುಗಿಯುತ್ತದೆ. ಸಗಣಿ ಗೊಬ್ಬರ ಹಾಗಲ್ಲ. ಈ ವರ್ಷ ಹಾಕಿದ್ದು ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಕೆಲಸ ಮಾಡುತ್ತದೆ. ಅಂದರೆ ಗೊಬ್ಬರ ಹಾಕುವವನು ನೆಲದಲ್ಲಿ ಮೂರು ವರ್ಷದ ಠೇವಣಿ ಇಡುತ್ತಾನೆ. ನೆಲ ಅವನದಲ್ಲದಿದ್ದರೆ? ಹಿಂದೆ ಗೇಣಿದಾರ ಹೊಲಕ್ಕೆ ಗೊಬ್ಬರ ಹಾಕುವುದಿಲ್ಲ, ಸೋಮಾರಿ ಎಂದು ಒಡೆಯರು ದೂರುತ್ತಿದ್ದರು. ಮುಂದಿನ ವರ್ಷ ಬಿಡಿಸುತ್ತಾರೋ ಇಡುತ್ತಾರೋ ತಿಳಿಯದ ನೆಲಕ್ಕೆ ಯಾವನು ಬಂಡಿಗಟ್ಟಲೆ ಗೊಬ್ಬರ ಹೇರುತ್ತಾನೆ? 1951ರಲ್ಲಿ ಕಾಗೋಡಿನ ರೈತರು ಹೋರಾಡಿದ್ದೂ, 1974ರ ಭೂಸುಧಾರಣೆಯ ತಿದ್ದುಪಡಿ ಬಂದದ್ದೂ ಬೇರೆ ಬೇರೆ ಕಾರಣಗಳಿಂದಲಾದರೂ, ಉಳುವವನಿಗೆ ನೆಲ ಖಾತ್ರಿಯಾದರೆ ಮಣ್ಣಿಗೂ ಗೊಬ್ಬರ ಖಾತ್ರಿಯಾಗುತ್ತದೆ ಎಂಬುದು ಅದರೊಳಗೆ ಅಡಗಿದೆ. ಇಂದಿಗೂ ಪೇಟೆಯ ಸುತ್ತಿನಲ್ಲಿ ವರ್ಷದ ಗುತ್ತಿಗೆಗೆ ನೆಲ ಹಿಡಿದು ತರಕಾರಿ ಬೆಳೆಯುವವರನ್ನು ಕೇಳಿ. ಚೀಲ ಹಾಕುತ್ತಾರೆ, ಔಷಧಿ ಹೊಡೆಯುತ್ತಾರೆ, ತಿಪ್ಪೆ ಗೊಬ್ಬರ ಹಾಕುವುದಿಲ್ಲ. ತಪ್ಪು ಅವರದು ಎಂದು ನಾವು ಹೇಳಲಾರೆವು.

ನಮ್ಮ ಐದು ಗುಂಟೆಗೂ ಈ ಪ್ರಶ್ನೆ ಬಂದಿದೆ. ಯುಗಾದಿಯ ನಂತರ ಇಬ್ಬರು ಬಂದು ಟೇಪು ಹಿಡಿದು ಅಳತೆ ಮಾಡಿಕೊಂಡು ಹೋದರು. ಏಕೆಂದು ಕೇಳಿದರೆ ಹೇಳಲಿಲ್ಲ. ಐದು ವರ್ಷದ ಹಿಂದೆ ಗಾಜಿನ ಚೂರು ತುಂಬಿದ್ದ ನೆಲದಲ್ಲಿ ಈಗ ಬೆರಳು ಹಾಕಿದರೆ ಮೊಣಕೈವರೆಗೆ ಇಳಿಯುತ್ತದೆ ಎಂದು ಹುಡುಗರು ಹೆಮ್ಮೆಯಿಂದ ತೋರಿಸುತ್ತಾರೆ. ಆ ಕಪ್ಪು ಮಣ್ಣನ್ನು ಯಾರೂ ಅಳೆಯಲಿಲ್ಲ. ಅಗಲ, ಉದ್ದ ಅಳೆದರು. ಅಂದಿನ ರಾತ್ರಿಯ ಸಭೆಯಲ್ಲಿ ಕೆಲವರು ಇನ್ನು ಮುಂದೆ ಗೊಬ್ಬರ ಮಡಿಗೆ ಹಾಕುವುದು ಬೇಡ, ಚೀಲದಲ್ಲಿ ತುಂಬಿ ಮಾರಿಬಿಡೋಣ ಎಂದರು. ನಮ್ಮ ಸಸಿ ಅಂಗಡಿಯ ಮಿತ್ರ ಕುಂಡದಲ್ಲಿ ಗಿಡ ಬೆಳೆಸುವ ಬಂಗಲೆಯವರಿಗೆ ಮಾರಿಕೊಡುತ್ತೇನೆ, ಕಿಲೋಗೆ ಒಳ್ಳೆಯ ದರ ಬರುತ್ತದೆ ಎಂದು ಮುಂದೆ ಬಂದಿದ್ದಾನೆ. ಸೋದರಿಯರು ಒಪ್ಪಲಿಲ್ಲ. ಜಾಗದ ವಿಷಯ ಲಿಖಿತವಾಗಿ ತಿಳಿಯುವವರೆಗೆ ಅರ್ಧ ಮಡಿಗೆ, ಅರ್ಧ ಚೀಲಕ್ಕೆ ಎಂದು ತೀರ್ಮಾನವಾಗಿದೆ. ಜಾಗದ ಮಾಲೀಕರಿಗೆ ಕೊಡುವ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಹದಿನಾಲ್ಕು ಮನೆಯವರ ಸಹಿ ಆಗಿದೆ, ಬೇರೆ ಚಾಳಿನವರೂ ಮಾರುಕಟ್ಟೆಯ ಮಿತ್ರರೂ ಹಾಕಬಹುದು.

ಎರಡನೆಯ ಗುಂಡಿ ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ತೆಗೆಯುತ್ತೇವೆ. ನೋಡಬೇಕೆನ್ನುವವರು ಬನ್ನಿ, ಬರುವಾಗ ಒಂದು ಪುಟ್ಟಿ ತನ್ನಿ. ಸಸಿ ಅಂಗಡಿಯವರು ಅಂದು ಬದನೆ, ಮೆಣಸಿನ ಸಸಿಗಳನ್ನು ಅಲ್ಲಿಗೇ ತರುತ್ತಾರೆ.